ಇಸವಿಯ ಕೆಳಗಿನ ಆ ಸಣ್ಣ ಚುಕ್ಕಿ

ಇವತ್ತಿನ ಮಾತು ವಿಶಾಖಪಟ್ಟಣ, ವಿಜಯವಾಡದ ಕಡೆ ಕೆಲಸಕ್ಕೆ ಹೋಗಿರೋ ನಮ್ಮವರಿಗೆ. "ಸ್ಟಾರ್ ಇರೋ ನಾಣ್ಯಕ್ಕೆ ಲಕ್ಷ ಕೊಡ್ತೀವಿ" ಅನ್ನೋ ಮೆಸೇಜು ನಿಮಗೂ ಬಂದಿರಬೇಕಲ್ಲ? ಆ ಸ್ಟಾರ್ ಅಂದ್ರೆ ಏನು ಅಂತ ಮೊದಲು ನೋಡೋಣ.

ನಾಣ್ಯದ ಇಸವಿಯ ಕೆಳಗೆ ಐದು ಮೂಲೆಯ ನಕ್ಷತ್ರ ಇದ್ರೆ ಅದು ಹೈದರಾಬಾದ್ ಟಂಕಸಾಲೆಯದು. ನಿಜಾಮರ ಕಾಲದ್ದು ಅದು, 1950ರಲ್ಲಿ ಭಾರತ ಸರ್ಕಾರದ ಕೈಗೆ ಬಂತು, 1997ರಲ್ಲಿ ಚೆರ್ಲಪಲ್ಲಿಗೆ ಹೋಯ್ತು. ವಿಜಯವಾಡಕ್ಕೆ ಹತ್ತಿರದ ಟಂಕಸಾಲೆ ಅದೇ. ಅಲ್ಲಿನ ಚಿಲ್ಲರೆಯಲ್ಲಿ ನಕ್ಷತ್ರ ಕಂಡರೆ ಅದರಲ್ಲಿ ಅಪರೂಪದ್ದೇನೂ ಇಲ್ಲ! ವಜ್ರದಾಕಾರ ಮುಂಬೈನದು. ಗುಂಡಗಿನ ಚುಕ್ಕಿ ನೋಯ್ಡಾದ್ದು. ಏನೂ ಗುರುತಿಲ್ಲದ್ದು ಕೋಲ್ಕತ್ತದ್ದು. ಗುರುತೇ ಇಲ್ಲ, ಇದು ಎರರ್ ನಾಣ್ಯ ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಕ್ಕು ಕಳಿಸಿ.

ಚುಕ್ಕಿ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ನೋಯ್ಡಾ ಟಂಕಸಾಲೆ ಕೆಲಸ ಶುರು ಮಾಡಿದ್ದೇ 1988ರಲ್ಲಿ. ಹಾಗಾಗಿ ಅಜ್ಜಿಯ ಡಬ್ಬಿಯಲ್ಲಿರೋ ಐದನೇ ಜಾರ್ಜ್ ಕಾಲದ ರೂಪಾಯಿ ಮೇಲಿನ ಚುಕ್ಕಿ ನೋಯ್ಡಾದ್ದಾಗೋಕೆ ಸಾಧ್ಯವೇ ಇಲ್ಲ, ಅದು ಮುಂಬೈನದು. ಮೊದಲು ಇಸವಿ ಓದಿ, ಆಮೇಲೆ ಗುರುತು ನೋಡಿ. ಸವೆದ ನಾಣ್ಯದಲ್ಲಿ ವಜ್ರದ ಮೂಲೆಗಳೂ ಚುಕ್ಕಿಯ ಥರ ಕಾಣ್ತವೆ. ಒಂದು ಭೂತಗನ್ನಡಿ ಇಟ್ಕೊಂಡು, ದೀಪವನ್ನು ಓರೆಯಾಗಿ ಹಿಡಿದು ನೋಡಿದ್ರೆ ಗೊತ್ತಾಗುತ್ತೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ! ಇರೋ ಬೆಲೆಯೂ ಹೋಗುತ್ತೆ.

ಹಿಂದೆ ಇಷ್ಟು ಕಷ್ಟ ಇರಲಿಲ್ಲ. ಟಿಪ್ಪುವಿನ ನಾಣ್ಯದಲ್ಲಿ ಪಟನ್ ಅಂದ್ರೆ ಶ್ರೀರಂಗಪಟ್ಟಣ, ನಗರ್ ಅಂದ್ರೆ ಬಿದನೂರು, ಹೀಗೆ ಊರಿನ ಹೆಸರನ್ನೇ ಪರ್ಷಿಯನ್‌ನಲ್ಲಿ ಬರೀತಿದ್ರು. ಯಂತ್ರ ಬಂದು ಎಲ್ಲಾ ಕಡೆ ಒಂದೇ ಅಚ್ಚು ಆದಾಗ ಹೆಸರು ಹೋಯ್ತು, ಗುರುತು ಉಳೀತು. ತೂಕ ಕಮ್ಮಿ ಬಂದ್ರೆ ಯಾವ ಟಂಕಸಾಲೆಯನ್ನು ಕೇಳಬೇಕು ಅಂತ ಗೊತ್ತಾಗಬೇಕಲ್ಲ.

ನಂಗೆ ತುಂಬಾ ಇಷ್ಟವಾದ ಕಥೆ ಈಗ ಬರ್ತಿದೆ. ವೈಜಾಗಿನಿಂದ ಗುಂಟೂರಿನ ತನಕ ಇರೋ ಕರಾವಳಿಯನ್ನು ಆಗ ಉತ್ತರ ಸರ್ಕಾರ್‌ಗಳು ಅಂತಿದ್ರು. ವಿಜಯವಾಡದ ಪಕ್ಕದ ಕೊಂಡಪಲ್ಲಿಯೂ ಅದರಲ್ಲೇ ಸೇರಿತ್ತು. ಈ ಸೀಮೆಗೆ ಅಂತಲೇ ಈಸ್ಟ್ ಇಂಡಿಯಾ ಕಂಪನಿ 1794ರಲ್ಲಿ ತಾಮ್ರದ ನಾಣ್ಯ ತರಿಸ್ತು. ಇಂಥ 48 ನಾಣ್ಯ ಸೇರಿದ್ರೆ ಒಂದು ರೂಪಾಯಿ, ಆ ಲೆಕ್ಕವನ್ನು ನಾಣ್ಯದ ಮೇಲೇ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ತೆಲುಗು ಸಂತೆಯಲ್ಲಿ ಅದನ್ನು ಓದೋರು ಎಷ್ಟು ಜನ ಇದ್ರೋ! ಅದು ಮದ್ರಾಸಲ್ಲಿ ಆದದ್ದಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್ ಅನ್ನೋರ ಸೋಹೋ ಟಂಕಸಾಲೆಯಲ್ಲಿ, ಉಗಿ ಯಂತ್ರದಲ್ಲಿ ಅಚ್ಚಾಗಿ ಹಡಗಲ್ಲಿ ಬಂದದ್ದು.

ಆ ಸೋಹೋ ಮುಚ್ಚಿದ ಮೇಲೆ, 1850ರ ಹರಾಜಿನಲ್ಲಿ ಅಲ್ಲಿನ ಯಂತ್ರಗಳನ್ನು ಕೊಂಡವರು ರಾಲ್ಫ್ ಹೀಟನ್. ಈಗ ನಿಮ್ಮ ಡಬ್ಬಿಯಲ್ಲಿ 1985ರ ಒಂದು ರೂಪಾಯಿ ಇದೆಯಾ ನೋಡಿ. ಆ ವರ್ಷ ಭಾರತ ಹೊರದೇಶಗಳಲ್ಲೂ ನಾಣ್ಯ ಮಾಡಿಸ್ತು. ಇಸವಿ ಕೆಳಗೆ 'ಎಚ್' ಅಕ್ಷರ ಇದ್ರೆ ಅದು ಅದೇ ಹೀಟನ್‌ರ ಬರ್ಮಿಂಗ್‌ಹ್ಯಾಮ್ ಟಂಕಸಾಲೆಯದು! ಅದೇ ವರ್ಷದ ರೂಪಾಯಿಯಲ್ಲಿ ವಜ್ರ ಇಸವಿಯ ನಡುವೆ ಇರದೆ ಮೊದಲ ಅಂಕಿಯ ಕೆಳಗಿದ್ರೆ, ಅದು ಮುಂಬೈನದಲ್ಲ, ವೇಲ್ಸ್‌ನ ಲ್ಯಾಂಟ್ರಿಸೆಂಟಿನದು. ಗುರುತು ಯಾವುದು ಅನ್ನೋದರ ಜೊತೆ ಎಲ್ಲಿದೆ ಅನ್ನೋದನ್ನೂ ನೋಡಬೇಕು.

ಇನ್ನು ಆ ಲಕ್ಷದ ಮೆಸೇಜು. ನಾಣ್ಯ ಕೊಳ್ಳೋಕೆ ಮುಂಚೆ ಕಮಿಷನ್ನು, ಟ್ಯಾಕ್ಸು ಅಂತ ನಿಮ್ಮಿಂದಲೇ ದುಡ್ಡು ಕೇಳ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲೋಗೋ ಎಲ್ಲಾ ಹಾಕಿರ್ತಾರೆ. ಬ್ಯಾಂಕು 2021ರ ಆಗಸ್ಟ್‌ನಲ್ಲೇ ಸ್ಪಷ್ಟವಾಗಿ ಹೇಳಿದೆ: ಹಳೇ ನಾಣ್ಯದ ಇಂಥ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ. ಊರಲ್ಲಿರೋ ಅಪ್ಪ, ಅಮ್ಮನ ಫೋನಿಗೂ ಈ ಮೆಸೇಜು ಹೋಗಿರುತ್ತೆ. ಇವತ್ತೇ ಒಂದು ಕರೆ ಮಾಡಿ ಹೇಳಿಬಿಡಿ.