ಭದ್ರಾವತಿಯಲ್ಲಿ ನಿಧಾನವಾಗಿದ್ದು ಯಾವುದು?

ನಾನು ಚಿಕ್ಕವಳಿದ್ದಾಗ ಭದ್ರಾವತಿ ಬಂತು ಅಂತ ಮೊದಲು ಗೊತ್ತಾಗ್ತಿದ್ದದ್ದು ಮೂಗಿಗೆ. ಶಿವಮೊಗ್ಗದಿಂದ ಹೊರಟ ಬಸ್ಸು ಊರು ಮುಟ್ಟುವ ಮೊದಲೇ, ಗಾಳಿ ಈ ಕಡೆ ಬೀಸ್ತಿದ್ರೆ, ಬೇಯಿಸಿಟ್ಟ ಎಲೆಕೋಸು ಹಳಸಿದಂಥ ಒಂದು ವಾಸನೆ ಕಿಟಕಿಯಿಂದ ಒಳಗೆ ಬರೋದು. ಪೇಪರ್ ಟೌನಿನಲ್ಲಿ ನಮ್ಮ ಸೋದರತ್ತೆ ಮನೆ. "ಹೇಗಿರ್ತೀರಾ ಅತ್ತೆ ಈ ವಾಸನೇಲಿ?" ಅಂತ ಮೂಗು ಮುಚ್ಚಿಕೊಂಡು ಕೇಳಿದ್ರೆ, "ವಾಸನೆ ಅನ್ಬೇಡ ಕಣೇ, ಅದು ನಮ್ಮನೆ ಅನ್ನ" ಅನ್ನೋರು.

ಈಗ ಆ ವಾಸನೆ ಇಲ್ಲ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್, ಅಂದ್ರೆ ನಮ್ಮ ಎಂಪಿಎಂ, 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಅದಕ್ಕಿಂತ ಹಳೆಯದು ಕಬ್ಬಿಣದ ಕಾರ್ಖಾನೆ, ಇವತ್ತಿನ ವಿಐಎಸ್‌ಎಲ್. ಅದು ಕೆಲಸ ಶುರು ಮಾಡಿದ್ದು 1923ರ ಜನವರಿಯಲ್ಲಿ. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ವಿಷಯ ಕೋರ್ಟಿಗೆ ಹೋಯಿತು, ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಅಂದಿನಿಂದ ಊರು ಉಸಿರು ಬಿಗಿಹಿಡಿದೇ ಕೂತಿದೆ.

ಈ ಊರಿನ ಬಗ್ಗೆ ಸಾಮಾನ್ಯವಾಗಿ ಎರಡು ಕಥೆ ಕೇಳ್ತೀವಿ. ಒಂದು, ವಿಶ್ವೇಶ್ವರಯ್ಯ ಕಟ್ಟಿದರು. ಇನ್ನೊಂದು, ಆಮೇಲೆ ಬಂದವರು ಹಾಳು ಮಾಡಿದರು. ಎರಡರಲ್ಲೂ ಸತ್ಯ ಇದೆ, ತಕರಾರಿಲ್ಲ. ಆದರೆ ಮೂರನೆಯ ಕಥೆ ಒಂದಿದೆ. ಅದನ್ನು ಹೇಳೋಕೆ ನಾನು ನನ್ನ ಪಿಯುಸಿ ಕೆಮಿಸ್ಟ್ರಿ ಕ್ಲಾಸಿಗೆ ವಾಪಸ್ ಹೋಗಬೇಕು.

ಶಿವಮೊಗ್ಗದ ಆ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ "ರೇಟ್ ಆಫ್ ರಿಯಾಕ್ಷನ್" ಅಂತ ಬರೆದ ತಕ್ಷಣ ಹಿಂದಿನ ಬೆಂಚಿನಿಂದ ಒಬ್ಬ, "ಕೆಜಿಗೆ ಎಷ್ಟು ಸಾರ್?" ಅಂದಿದ್ದ. ನಮ್ಮಲ್ಲಿ ರೇಟ್ ಅಂದ್ರೆ ಬೆಲೆ ತಾನೆ! ಮೇಷ್ಟ್ರು ಸಿಟ್ಟಾಗಲಿಲ್ಲ. "ಮಳೆಗಾಲದಲ್ಲಿ ನಿಮ್ಮನೇಲಿ ದೋಸೆ ಹಿಟ್ಟು ಉಬ್ಬೋಕೆ ಎಷ್ಟೊತ್ತು ಬೇಕು?" ಅಂತ ಕೇಳಿದರು. ಬೇಸಿಗೆಯಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಪಾತ್ರೆ ಉಕ್ಕಿರುತ್ತೆ. ಆಷಾಢದಲ್ಲಿ ಕಂಬಳಿ ಹೊದಿಸಿಟ್ಟರೂ ಏಳಲ್ಲ. ಅದೇ ಅಕ್ಕಿ, ಅದೇ ಉದ್ದು. ಬದಲಾಗಿದ್ದು ಶಾಖ ಮಾತ್ರ. ಶಾಖಕ್ಕೂ ವೇಗಕ್ಕೂ ಇರುವ ಈ ನಂಟನ್ನು ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿ ಒಂದು ಸೂತ್ರಕ್ಕೆ ಇಳಿಸಿದ.

ಇನ್ನೊಂದು ಮಾತನ್ನೂ ಮೇಷ್ಟ್ರು ಹೇಳಿದ್ದರು, ಅದು ಇವತ್ತಿಗೂ ಮರೆತಿಲ್ಲ. ಒಂದು ರಾಸಾಯನಿಕ ಕ್ರಿಯೆ ನಾವು ಬರೆಯುವ ಸಮೀಕರಣದಂತೆ ಒಂದೇ ನೆಗೆತಕ್ಕೆ ನಡೆಯೋದು ಅಪರೂಪ. ಅದು ಹಲವು ಹಂತಗಳಲ್ಲಿ ನಡೆಯುತ್ತೆ. ಆ ಹಂತಗಳ ಹಾದಿಗೇ ಮೆಕ್ಯಾನಿಸಂ ಅಂತ ಹೆಸರು. ಮದುವೆ ಮನೆಯಲ್ಲಿ ಬಡಿಸೋಕೆ ಹತ್ತು ಜನ ಇರಬಹುದು. ಎಲೆ ತೆಗೆಯೋನು ಒಬ್ಬನೇ ಆದ್ರೆ, ಮುಂದಿನ ಪಂಕ್ತಿ ಕೂರೋದು ಅವನ ಕೈ ನಡೆದಷ್ಟೇ ಬೇಗ. ಅತಿ ನಿಧಾನದ ಹಂತವೇ ಇಡೀ ಕ್ರಿಯೆಯ ವೇಗ. ಉಳಿದವರು ಎಷ್ಟು ಓಡಾಡಿದರೂ ಪ್ರಯೋಜನ ಇಲ್ಲ.

ಭದ್ರಾವತಿಯ ನೂರು ವರ್ಷದಲ್ಲಿ ಎಲೆ ತೆಗೆಯೋನು ಯಾರು? ಇದೇ ನನ್ನ ಪ್ರಶ್ನೆ.

ಆ ಊರಿನ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರೋಕೆ ಶತಮಾನಗಳ ಮೊದಲೇ ಇದ್ದ ಹೆಸರು ಅದು, ಆದರೂ ಕುಲುಮೆಗೆಂದೇ ಇಟ್ಟಂತಿದೆ. ಹತ್ತಿರದ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರಿತ್ತು. ಹೆಸರಲ್ಲೇ ಕೆಂಪು ಮಣ್ಣಿದೆಯಲ್ಲ. ಸುಣ್ಣದಕಲ್ಲು ಇತ್ತು, ಭದ್ರಾ ಹೊಳೆಯ ನೀರಿತ್ತು. ಇಲ್ಲದ್ದು ಒಂದೇ, ಕಲ್ಲಿದ್ದಲು. ಜಮ್‌ಷೆಡ್‌ಪುರಕ್ಕೆ ಝರಿಯಾ ಗಣಿ ಪಕ್ಕದಲ್ಲಿದ್ದ ಹಾಗೆ ಮೈಸೂರು ಸಂಸ್ಥಾನಕ್ಕೆ ಏನೂ ಇರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಇಲ್ಲಿನ ಊದುಕುಲುಮೆಯನ್ನು ಕೋಕ್ ಬದಲು ಮರದ ಇದ್ದಿಲಿನಿಂದ ನಡೆಸೋದು ಅಂತ ತೀರ್ಮಾನವಾಯಿತು.

ಕುಲುಮೆಯೊಳಗೆ ಏನಾಗುತ್ತೆ? ಅದಿರು ಅಂದ್ರೆ ಆಮ್ಲಜನಕ ಅಂಟಿಕೊಂಡ ಕಬ್ಬಿಣ. ಇದ್ದಿಲಿನ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಳ್ಳುತ್ತೆ ಅಂತ ನಾವು ಪರೀಕ್ಷೆಯಲ್ಲಿ ಬರೀತಿದ್ವಿ. ಆದರೆ ಅದಿರಿನ ಕಲ್ಲಿಗೂ ಇದ್ದಿಲಿನ ತುಂಡಿಗೂ ಎಷ್ಟು ಜಾಗದಲ್ಲಿ ಮೈ ತಾಗಲು ಸಾಧ್ಯ? ಎರಡು ಘನವಸ್ತುಗಳು ಹಾಗೆ ನೇರವಾಗಿ ವ್ಯವಹಾರ ಮಾಡೋಕೆ ಕೂತರೆ ದಿನಗಟ್ಟಲೆ ಬೇಕು. ನಿಜವಾದ ಕೆಲಸಗಾರ ಒಂದು ಅನಿಲ. ಕೆಳಗಿನಿಂದ ಊದುವ ಬಿಸಿಗಾಳಿಗೆ ಇದ್ದಿಲು ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಅದು ಮತ್ತೊಂದು ಕೆಂಡಕ್ಕೆ ತಾಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಈ ಮಾನಾಕ್ಸೈಡ್ ಮೇಲೇರುತ್ತಾ ಅದಿರಿನ ಸಣ್ಣ ಸಣ್ಣ ರಂಧ್ರಗಳೊಳಗೆ ನುಗ್ಗಿ, ಆಮ್ಲಜನಕವನ್ನು ಹಂತ ಹಂತವಾಗಿ ಹೊತ್ತು ತರುತ್ತೆ. ಅನಿಲ ಕುಲುಮೆಯ ಬುಡದಿಂದ ತುದಿಗೆ ಹೋಗೋದು ಕೆಲವೇ ಸೆಕೆಂಡುಗಳಲ್ಲಿ. ಅದಿರು ಮೇಲಿನಿಂದ ಕೆಳಗಿಳಿಯೋದು ಹಲವು ಗಂಟೆಗಳಲ್ಲಿ.

ಇಲ್ಲಿ ಇದ್ದಿಲು ಕೋಕ್‌ಗಿಂತ ಚುರುಕು. ಮೈತುಂಬ ತೂತು ಇರೋದರಿಂದ ಕಡಿಮೆ ಶಾಖಕ್ಕೇ ಮಾನಾಕ್ಸೈಡ್ ಕೊಡೋಕೆ ಶುರು ಮಾಡುತ್ತೆ. ಗಂಧಕ ಕಡಿಮೆ, ಬೂದಿ ಕಡಿಮೆ. ಭದ್ರಾವತಿಯ ಕಬ್ಬಿಣಕ್ಕೆ ಒಳ್ಳೆಯ ಹೆಸರು ಬಂದಿದ್ದರಲ್ಲಿ ಇದರ ಪಾಲೂ ಇದೆ. ಆದರೆ ಇದ್ದಿಲು ಪುಡಿಯಾಗುವ ವಸ್ತು. ಬಹಳ ಎತ್ತರಕ್ಕೆ ಪೇರಿಸಿದರೆ ತಳದ್ದು ನುಚ್ಚಾಗಿ ಗಾಳಿ ಆಡಲ್ಲ. ಅಂದ್ರೆ ಕುಲುಮೆ ಚಿಕ್ಕದೇ ಇರಬೇಕು. ಚಿಕ್ಕ ಕುಲುಮೆ ಅನ್ನೋ ಈ ಮಿತಿ ಊರಿನ ಜಾತಕದಲ್ಲೇ ಬರೆದಿತ್ತು.

ಇನ್ನು ಇದ್ದಿಲು ಮಾಡೋದು. ಸೌದೆಯನ್ನು ಗಾಳಿಯಾಡದ ಉಕ್ಕಿನ ಗೂಡಿನಲ್ಲಿಟ್ಟು ಕಾಯಿಸಬೇಕು. ಇಲ್ಲೂ ವೇಗದ್ದೇ ಆಟ. ದಿಢೀರ್ ಅಂತ ಕಾಯಿಸಿದರೆ ಮರದ ಬಹುಪಾಲು ಹೊಗೆ, ಆವಿ, ಡಾಂಬರಾಗಿ ಹೋಗುತ್ತೆ. ನಿಧಾನಕ್ಕೆ ಕಾಯಿಸಿದರೆ ಹೆಚ್ಚು ಇದ್ದಿಲು ಉಳಿಯುತ್ತೆ. ಒಂದೇ ಮರ, ಎರಡು ಹಾದಿ. ಯಾವುದು ಗೆಲ್ಲುತ್ತೆ ಅನ್ನೋದು ನೀವು ಎಷ್ಟು ಅವಸರ ಮಾಡ್ತೀರಿ ಅನ್ನೋದರ ಮೇಲೆ. ಅಷ್ಟು ತಾಳ್ಮೆಯಿಂದ ಮಾಡಿದರೂ ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ ಬೇಕು.

ಹಾರಿಹೋಗುವ ಆವಿಯನ್ನು ಬಿಡಲಿಲ್ಲ ಅನ್ನೋದು ಭದ್ರಾವತಿಯ ಜಾಣತನ. ಆವಿಯನ್ನು ತಣಿಸಿ ಮೆಥನಾಲ್, ಅಸಿಟಿಕ್ ಆಮ್ಲದಿಂದ ಕ್ಯಾಲ್ಸಿಯಂ ಅಸಿಟೇಟ್, ಡಾಂಬರು, ಎಲ್ಲ ಹಿಡಿದು ಮಾರುವ ದೊಡ್ಡ ಘಟಕವನ್ನೇ ಕಟ್ಟಿದರು. ಯೋಜನೆ ರೂಪುಗೊಂಡದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಆಗ ಈ ಅಸಿಟೇಟಿಗೆ ಚಿನ್ನದಂಥ ಬೇಡಿಕೆ, ಯಾಕಂದ್ರೆ ಬಂದೂಕಿನ ಮದ್ದಿಗೆ ಬೇಕಾದ ಅಸಿಟೋನ್ ಅದರಿಂದ ಬರ್ತಿತ್ತು. ಲೆಕ್ಕ ಸರಿಯಾಗೇ ಇತ್ತು: ಕಬ್ಬಿಣದಲ್ಲಿ ಬರುವಷ್ಟು ಬರಲಿ, ಸೌದೆಯ ಖರ್ಚನ್ನು ಈ ಉಪವಸ್ತುಗಳು ಹೊರಲಿ.

ಆದರೆ ಕಾರ್ಖಾನೆ ಶುರುವಾದ ಅದೇ 1923ರಲ್ಲಿ, ಜರ್ಮನಿಯ ಲೊಯ್ನಾ ಅನ್ನೋ ಊರಲ್ಲಿ ಬಿಎಎಸ್ಎಫ್ ಕಂಪನಿ ಮರವೇ ಇಲ್ಲದೆ ಮೆಥನಾಲ್ ಮಾಡೋಕೆ ಶುರು ಮಾಡಿತು. ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕವನ್ನು ಭಾರಿ ಒತ್ತಡದಲ್ಲಿ ಸತು ಮತ್ತು ಕ್ರೋಮಿಯಂ ಆಕ್ಸೈಡಿನ ಮೇಲೆ ಹಾಯಿಸೋದು, ಅಷ್ಟೇ. ಆ ಆಕ್ಸೈಡು ಕ್ಯಾಟಲಿಸ್ಟ್, ನಮ್ಮ ಪಠ್ಯಪುಸ್ತಕದ ಕ್ರಿಯಾವರ್ಧಕ. ತಾನು ಖರ್ಚಾಗದೆ ಕ್ರಿಯೆಗೆ ಬೇರೆಯೇ ಒಂದು ಸುಲಭದ ಹಾದಿ ತೋರಿಸುತ್ತೆ. ಬೆಟ್ಟ ಹತ್ತಿ ಇಳಿಯೋ ಬದಲು ಘಾಟಿ ರಸ್ತೆ ಮಾಡಿಕೊಟ್ಟ ಹಾಗೆ. ನಮ್ಮ ಕುಲುಮೆಯಲ್ಲಿ ಅದಿರಿನ ಆಮ್ಲಜನಕ ಹೊರುತ್ತಿದ್ದ ಅದೇ ಮಾನಾಕ್ಸೈಡ್ ಅಲ್ಲಿ ನಮ್ಮ ಮೆಥನಾಲಿನ ಪ್ರತಿಸ್ಪರ್ಧಿಯನ್ನು ಹೆರುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಗ್ಗದ ಮೆಥನಾಲ್ ಅಮೆರಿಕದ ಮಾರುಕಟ್ಟೆಗೂ ನುಗ್ಗಿ, ಅಲ್ಲಿನ ಸೌದೆ ಭಟ್ಟಿಗಳವರು ಕಂಗಾಲಾದರು. ಹಿಂದಿನ ಬೆಂಚಿನ ಆ ಹುಡುಗನ ತಮಾಷೆ ಇಲ್ಲಿ ನಿಜವಾಯಿತು ನೋಡಿ. ಒಂದು ಕಡೆ ಕ್ರಿಯೆಯ ರೇಟ್ ಏರಿದರೆ ಇನ್ನೊಂದು ಕಡೆ ಸರಕಿನ ರೇಟ್ ಇಳಿಯುತ್ತೆ.

ಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆಯೂ ಬಿದ್ದಿತ್ತು. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆದು 1923ರಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಅವರು ಅಲ್ಲಿದ್ದು ಖರ್ಚು ಕಡಿತ ಮಾಡಿದರು, ಹೊರಗಿನವರು ನಡೆಸುತ್ತಿದ್ದ ಕೆಲಸಗಳಿಗೆ ಇಲ್ಲಿನ ಹುಡುಗರನ್ನು ತಯಾರು ಮಾಡಿದರು, ಕಾರ್ಖಾನೆಯನ್ನು ನಿಲ್ಲಿಸಿದರು. ನಿಲ್ಲಿಸಿದರು ಅಂದ್ರೆ ಕಾಲ ಮೇಲೆ ನಿಲ್ಲಿಸಿದರು! ಇವತ್ತು ಆ ಕಾರ್ಖಾನೆ ಅವರ ಹೆಸರಲ್ಲಿರೋದು ಸುಮ್ಮನೆ ಅಲ್ಲ.

ಆದರೆ ಎಷ್ಟೇ ದಕ್ಷ ಆಡಳಿತಗಾರ ಬಂದರೂ ಒಂದು ಹಂತವನ್ನು ಓಡಿಸೋಕೆ ಆಗಲ್ಲ. ಈಗ ಗಡಿಯಾರ ಹಿಡಿದು ಲೆಕ್ಕ ಹಾಕಿ. ಅನಿಲಕ್ಕೆ ಸೆಕೆಂಡು. ಅದಿರಿಗೆ ಗಂಟೆ. ಸೌದೆ ಇದ್ದಿಲಾಗೋಕೆ ಒಂದು ದಿನದ ಆಸುಪಾಸು. ಕಡಿದ ಜಾಗದಲ್ಲಿ ಮತ್ತೆ ಸೌದೆಗೆ ಬರುವಂಥ ಮರ ಏಳೋಕೆ? ದಶಕಗಳು. ಎಲೆ ತೆಗೆಯೋನು ಸಿಕ್ಕಿದ. ಅವನು ಕುಲುಮೆಯ ಹತ್ತಿರ ಇರಲೇ ಇಲ್ಲ, ಕಾಡಿನಲ್ಲಿದ್ದ. ಹತ್ತಿರದ ಕಾಡು ಖಾಲಿಯಾದಂತೆ ಸೌದೆ ದೂರದಿಂದ ಬರಬೇಕು, ದೂರವಾದಂತೆ ಖರ್ಚು.

ಮುಂದಿನ ಇತಿಹಾಸವನ್ನೆಲ್ಲ ಈ ನಿಧಾನದ ಹಂತವನ್ನು ತಪ್ಪಿಸಿಕೊಳ್ಳುವ ಪ್ರಯತ್ನ ಅಂತ ಓದಬಹುದು. 1948ರಲ್ಲಿ ಜೋಗದ ವಿದ್ಯುತ್ ಬಂತು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖಕ್ಕಾಗಿ ಇನ್ನು ಇದ್ದಿಲು ಉರಿಸಬೇಕಿಲ್ಲ, ಶರಾವತಿಯೇ ಕಾಯಿಸ್ತಾಳೆ. ಆದರೆ ಇದ್ದಿಲಿಗೆ ಎರಡು ಕೆಲಸ ಇತ್ತು ಅನ್ನೋದನ್ನು ನೆನಪಿಡಿ: ಕಾಯಿಸೋದು ಒಂದು, ಆಮ್ಲಜನಕ ಹೊರೋದು ಇನ್ನೊಂದು. ಕರೆಂಟು ಮೊದಲನೆಯದನ್ನು ಮಾಡುತ್ತೆ, ಎರಡನೆಯದನ್ನಲ್ಲ. ಇಂಗಾಲದ ಅಗತ್ಯ ಕಡಿಮೆಯಾಯಿತು, ತಪ್ಪಲಿಲ್ಲ. ಆ ಎರಡನೆಯ ಕೆಲಸಕ್ಕೆ ಜಲಜನಕವನ್ನು ಹಚ್ಚಿ, ಹೊಗೆಯ ಬದಲು ನೀರಾವಿ ಬರುವಂತೆ ಕಬ್ಬಿಣ ತೆಗೆಯೋದನ್ನು ಸ್ವೀಡನ್ನಿನ ಲುಲಿಯೋದಲ್ಲಿ 2021ರಲ್ಲಿ ಮಾಡಿ ತೋರಿಸಿದ್ದಾರೆ. ಗ್ರೀನ್ ಸ್ಟೀಲ್ ಅಂತ ನಿಮ್ಮ ಫೀಡಿನಲ್ಲಿ ಬರುತ್ತಲ್ಲ, ಅದೇ.

ಪೇಪರ್ ಮಿಲ್ಲಿನ ಕಥೆಯೂ ಬೇರೆಯಲ್ಲ. ಬಿದಿರಿನ ನಾರನ್ನು ಹಿಡಿದಿಟ್ಟಿರುವ ಅಂಟು ಲಿಗ್ನಿನ್. ಅದನ್ನು ಕ್ಷಾರ ಮತ್ತು ಸಲ್ಫೈಡಿನಲ್ಲಿ, ಒತ್ತಡದ ಪಾತ್ರೆಯಲ್ಲಿ ಬೇಯಿಸಿ ಕರಗಿಸಬೇಕು. ನನ್ನ ಬಾಲ್ಯದ ಆ ವಾಸನೆ ಅದರದ್ದೇ. ನೂರು ಡಿಗ್ರಿಯಲ್ಲಿ ನಡೆಯುವುದಕ್ಕಿಂತ 170 ಡಿಗ್ರಿಯಲ್ಲಿ ಲಿಗ್ನಿನ್ ಒಂಬೈನೂರು ಪಟ್ಟಿಗೂ ಹೆಚ್ಚು ವೇಗವಾಗಿ ಕರಗುತ್ತೆ. ಶಾಖ ಮತ್ತು ಸಮಯ ಎರಡನ್ನೂ ಸೇರಿಸಿ ಒಂದೇ ಸಂಖ್ಯೆ ಮಾಡುವ ಲೆಕ್ಕವನ್ನು 1957ರಲ್ಲಿ ವ್ರೂಮ್ ಅನ್ನೋನು ಕೊಟ್ಟ. ಎಚ್-ಫ್ಯಾಕ್ಟರ್ ಅಂತಾರೆ, ತಳದಲ್ಲಿರೋದು ಅರ್ಹೇನಿಯಸ್ಸನದೇ ಸೂತ್ರ. ಹೀಗೆ ಬೇಯಿಸೋದು ಕೆಲವೇ ಗಂಟೆಗಳ ಮಾತಾಯಿತು. ಮತ್ತೆ ಉಳಿದಿದ್ದು ಬೆಳೆಯುವ ಮಾತು. ಅದಕ್ಕೆ ಸಿಕ್ಕ ಉತ್ತರ ನೀಲಗಿರಿ, ಅಕೇಶಿಯಾ. ಬೇಗ ಬೆಳೆಯುವ ಮರ! 1980ರ ಹೊತ್ತಿಗೆ ಎಂಪಿಎಂಗೆ 40 ವರ್ಷದ ಗೇಣಿಗೆ ಅರಣ್ಯಭೂಮಿ ಸಿಕ್ಕಿತು, ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ ಸಾಲು ನಿಂತಿತು. ಮಿಲ್ಲು ನಿಂತುಹೋಯಿತು, 2020ಕ್ಕೆ ಗೇಣಿಯೂ ಮುಗಿಯಿತು, ಆ ಜಾಗ ಮತ್ತೆ ಸಹಜ ಕಾಡಾಗಲಿ ಅಂತ ನಮ್ಮ ಕಡೆಯ ಜನ ಹೋರಾಡಿದರು. ಒಂದು ಕ್ರಿಯೆಯನ್ನು ವೇಗ ಮಾಡೋಕೆ ಹೋಗಿ ಇಡೀ ಗುಡ್ಡದ ಬಣ್ಣವೇ ಬದಲಾಗಿತ್ತು.

ಇವೆರಡು ಕಾರ್ಖಾನೆಗಳ ಪಾಡಿಗೆ ಕೆಮಿಸ್ಟ್ರಿಯೊಂದೇ ಕಾರಣ ಅಂತ ನಾನು ಹೇಳಲ್ಲ. ಸ್ವಂತ ಗಣಿ ಇಲ್ಲದ್ದು, ಬಂಡವಾಳ ಬಾರದ್ದು, ದೂರದಲ್ಲಿ ಕೂತವರ ಲೆಕ್ಕ, ಎಲ್ಲವೂ ಇದೆ. ಆ ಜವಾಬ್ದಾರಿಯಿಂದ ಯಾರನ್ನೂ ಬಿಡುಗಡೆ ಮಾಡೋಕೆ ಈ ಲೇಖನ ಅಲ್ಲ. ಆದರೆ ನಾವು ಆಫೀಸಿನಲ್ಲಿ ದಿನಾ "ಬಾಟಲ್‌ನೆಕ್ ಎಲ್ಲಿದೆ?" ಅಂತ ಮೀಟಿಂಗ್ ಮಾಡ್ತೀವಲ್ಲ, ನಮ್ಮ ಡ್ಯಾಶ್‌ಬೋರ್ಡಿನೊಳಗೆ ಕಾಣುವ ಹಂತಗಳನ್ನಷ್ಟೇ ಹುಡುಕ್ತೀವಿ. ಭದ್ರಾವತಿಯ ಲೆಡ್ಜರಿನಲ್ಲಿ ಸೌದೆಯ ಟನ್ನು ಇತ್ತು, ಸಾಗಣೆಯ ಖರ್ಚಿತ್ತು. ಮರಕ್ಕೆ ಹಿಡಿದ ವರ್ಷಗಳಿಗೆ ಕಾಲಂ ಇರಲಿಲ್ಲ.

ಕಳೆದ ಸಲ ಅತ್ತೆ ಮನೆಗೆ ಹೋದಾಗ ಮಳೆ. ಅಡುಗೆಮನೆಯ ಮೂಲೆಯಲ್ಲಿ ಹಿಟ್ಟಿನ ಪಾತ್ರೆಗೆ ಹಳೇ ಕಂಬಳಿ ಸುತ್ತಿಟ್ಟಿದ್ದರು. ಕಿಟಕಿ ತೆಗೆದೆ, ಬರೀ ಮಣ್ಣಿನ ವಾಸನೆ. "ಗಾಳಿ ಎಷ್ಟು ಚೆನ್ನಾಗಿದೆ ಅತ್ತೆ ಈಗ" ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಎದುರಿನ ಸಾಲಿನಲ್ಲಿ ಬೀಗ ಹಾಕಿದ ಮನೆಗಳ ಕಡೆ ಒಮ್ಮೆ ನೋಡಿ, ಕಿಟಕಿ ಹಾಕಿ ಬಂದರು. "ಥಂಡಿ ಹೊಡೀತದೆ ಕಣೇ, ಹಿಟ್ಟು ಉಬ್ಬಲ್ಲ."