ಗರಡಿಯಿಂದ ವೇದಿಕೆಗೆ: ಹವ್ಯಾಸಿ ದೇಹದಾರ್ಢ್ಯ ಮತ್ತು ಗಡಿಸೀಮೆ

1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ರಾಯದುರ್ಗ ಸೀಮೆಯ ಡಿ. ಹಿರೇಹಾಳ್‌ಗೆ ಬಳ್ಳಾರಿ ಇಂದಿಗೂ ಹತ್ತಿರದ ಪೇಟೆ, ಅನಂತಪುರ ದೂರದ ಜಿಲ್ಲಾಕೇಂದ್ರ. ಈ ಗಡಿ ಶಾಲೆ, ಕಚೇರಿಗಳ ಮೇಲೆ ಹಾಯ್ದುದನ್ನು ಕುರಿತು ಸಾಕಷ್ಟು ಚರ್ಚೆಯಾಗಿದೆ. ಅಂಗಸಾಧನೆಯ ಮೇಲೂ ಹಾಯ್ದುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಪದಗಳನ್ನು ಮಾತ್ರ ಗಡಿ ಬೇರ್ಪಡಿಸಲಿಲ್ಲ. ಕನ್ನಡದ ಗರಡಿ ತೆಲುಗಿನಲ್ಲಿ ಗರಿಡಿ. ಸಾಮು ಎರಡರಲ್ಲೂ ಸಾಮುವೇ. ಈಚಿನ ದೇಹದಾರ್ಢ್ಯವೂ ಅಲ್ಲಿ ಒತ್ತಕ್ಷರ ಸಡಿಲಿಸಿಕೊಂಡು ದೇಹದಾರುಢ್ಯವಾಗಿದೆ. ಆದರೆ ಗರಡಿಯಲ್ಲಿ ಮೈ ಒಂದು ಸಾಧನ: ಎದುರಾಳಿಯನ್ನು ಕೆಡವಲು, ಕಲ್ಲನ್ನೆತ್ತಲು. ದೇಹದಾರ್ಢ್ಯದಲ್ಲಿ ಮೈಯೇ ಕೃತಿ, ನೋಡುವವರಿಗಾಗಿ ಸಿದ್ಧಗೊಂಡದ್ದು.

ಈ ಪಲ್ಲಟಕ್ಕೆ ಕನ್ನಡದ ದೊಡ್ಡ ಸಾಕ್ಷಿ ಕೆ.ವಿ. ಅಯ್ಯರ್. ಯೂಜೀನ್ ಸ್ಯಾಂಡೋ 1904–05ರಲ್ಲಿ ಭಾರತದಲ್ಲಿ ಸಂಚರಿಸಿದ ಮೇಲೆ ಹಬ್ಬಿದ ಪಾಶ್ಚಾತ್ಯ ಅಂಗಸಾಧನೆಯನ್ನು ಅವರು ಹಠಯೋಗ, ಸೂರ್ಯನಮಸ್ಕಾರಗಳೊಡನೆ ಬೆಸೆದರು. ‘ಮಸಲ್ ಕಲ್ಟ್’ (1930), ‘ಸೂರ್ಯ ನಮಸ್ಕಾರ್’ (1937) ಇಂಗ್ಲಿಷಿನಲ್ಲಿ ಬಂದವು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳು ಕನ್ನಡದಲ್ಲಿ. ಚಿತ್ರಕಾರನೊಬ್ಬ ತನ್ನ ಕೃತಿಗೆ ತಕ್ಕ ಮುಖವನ್ನು ಅರಸುವ ‘ರೂಪದರ್ಶಿ’ಯನ್ನು ವ್ಯಾಯಾಮಾಚಾರ್ಯರೇ ಬರೆದದ್ದು ಆಕಸ್ಮಿಕವೆನಿಸದು. ಬೆಂಗಳೂರಿನ ವ್ಯಾಯಾಮಶಾಲೆಯ ಜೊತೆಗೆ ಅವರು ಅಂಚೆಯ ಮೂಲಕವೂ ಪಾಠ ಹೇಳಿದರು. ಅಂಚೆಗೆ ಪ್ರಾಂತಗಳ ತಡೆಯಿರಲಿಲ್ಲ, ಸಂಘದ ಸದಸ್ಯತ್ವವೂ ಬೇಕಿರಲಿಲ್ಲ.

ಅಯ್ಯರ್ ಹವ್ಯಾಸಿ ನಾಟಕದವರೂ ಹೌದು, ಕೈಲಾಸಂ ಅವರ ಆಪ್ತರು. ‘ಹವ್ಯಾಸಿ’ ಎಂಬ ಮಾತಿಗೆ ಬಳ್ಳಾರಿಯಲ್ಲಿ ಆ ಮೊದಲೇ ಗೌರವವಿತ್ತು. ಧರ್ಮವರಂ ಕೃಷ್ಣಮಾಚಾರ್ಯರ ಸರಸವಿನೋದಿನಿ ಸಭೆಯಾಗಲಿ, ಬಳ್ಳಾರಿ ರಾಘವರ ಅಭಿನಯವಾಗಲಿ ಹೊಟ್ಟೆಪಾಡಿಗಾಗಿ ಇದ್ದುದಲ್ಲ. ಇಬ್ಬರೂ ವಕೀಲರು ಎಂಬುದನ್ನು ಇಲ್ಲಿ ಮರೆಯಬಾರದು: ಸಂಪಾದನೆಯ ದಾರಿ ಬೇರೆಯಿದ್ದವರಿಗೆ ಹವ್ಯಾಸ ಒಂದು ಆದರ್ಶ. ಮಳೆಯಾಶ್ರಿತ ಶೇಂಗಾ ಬೆಳೆಯುವ ಮನೆಯ ಹುಡುಗನಿಗೆ ಅದರ ಅರ್ಥ ಹಾಲು, ಮೊಟ್ಟೆ, ಬಸ್ಸಿನ ಖರ್ಚನ್ನೆಲ್ಲ ತಾನೇ ಹೊರುವುದು.

ಅಂತರರಾಷ್ಟ್ರೀಯ ಒಕ್ಕೂಟವೊಂದು 1946ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿತು. ಲಂಡನ್ನಿನ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಬಂಗಾಳದ ಮನತೋಷ್ ರಾಯ್ 1951ರಲ್ಲೂ ಮನೋಹರ್ ಐಚ್ 1952ರಲ್ಲೂ ತಮ್ಮ ವರ್ಗಗಳಲ್ಲಿ ಗೆದ್ದರು. ಹವ್ಯಾಸಿ ಸಂಘಗಳು ಸಾಮಾನ್ಯವಾಗಿ ಹೇಳಿಕೊಳ್ಳುವ ಗುರಿಗಳು ಪರಿಚಿತವೇ: ಆರೋಗ್ಯ, ಶಿಸ್ತು, ದುಶ್ಚಟಗಳಿಂದ ದೂರವಿರುವುದು, ಈಚೆಗೆ ಉದ್ದೀಪನ ಮದ್ದಿನ ನಿಷೇಧ. ಇವುಗಳಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಆಯ್ಕೆ. ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೇಶಕ್ಕೆ ಏರುವ ಈ ಮೆಟ್ಟಿಲುಗಳು ಕಂದಾಯ ನಕ್ಷೆಯನ್ನು ಅನುಸರಿಸುತ್ತವೆ, ಭಾಷೆಯನ್ನಲ್ಲ. ಕನ್ನಡ ಮಾತಾಡುತ್ತ ಬಳ್ಳಾರಿಯ ಜಿಮ್ಮಿನಲ್ಲಿ ಮೈ ಹುರಿಗೊಳಿಸಿಕೊಂಡ ಡಿ. ಹಿರೇಹಾಳಿನ ಯುವಕ ಸಾಮಾನ್ಯವಾಗಿ ಅನಂತಪುರದ ಸ್ಪರ್ಧಿಯಾಗಿಯೇ ವೇದಿಕೆ ಏರಬೇಕು. ಜೊತೆಗೆ ಕಬ್ಬಿಣ ಎತ್ತಿದ ಬಳ್ಳಾರಿಯ ಗೆಳೆಯ ಇನ್ನೊಂದು ರಾಜ್ಯದ ಸಾಲಿನಲ್ಲಿ ನಿಂತಿರುತ್ತಾನೆ.