ಅಂಗಡಿಗೆ ಬರೆದ ಪಾಲಿಸಿ, ಊರೂರು ಅಲೆಯುವ ಕ್ಯಾಮೆರಾ

ಕನ್ನಡ ನಾಡಿನಲ್ಲಿ ಮೊದಮೊದಲು ಕ್ಯಾಮೆರಾ ಹಿಡಿದ ಹೆಸರಾಂತರಲ್ಲಿ ಹೆಚ್ಚಿನವರಿಗೆ ಫೋಟೋಗ್ರಫಿ ಹೊಟ್ಟೆಪಾಡಿನ ಕಸುಬಾಗಿರಲಿಲ್ಲ. 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆ ಕಡೆ ಚಿತ್ರ ತೆಗೆದ ಥಾಮಸ್ ಬಿಗ್ಸ್ ಬಾಂಬೆ ಸೈನ್ಯದ ಫಿರಂಗಿ ದಳದ ಅಧಿಕಾರಿ. ಅವನ ನಂತರ ಆ ಕೆಲಸ ವಹಿಸಿಕೊಂಡ ವಿಲಿಯಂ ಪಿಗೌ ವೈದ್ಯ. ಹಳೇಬೀಡಿನ ಶಿಲ್ಪಗಳನ್ನು ಸೆರೆಹಿಡಿದ ನೀಲ್ ಕೂಡ ವೈದ್ಯನೇ. 1856ರಲ್ಲಿ ಹಂಪಿಯ ಕಲ್ಲುಬಂಡೆಗಳ ನಡುವೆ ದೊಡ್ಡ ಕ್ಯಾಮೆರಾ ಹೊತ್ತು ತಿರುಗಿದ ಅಲೆಕ್ಸಾಂಡರ್ ಗ್ರೀನ್‌ಲಾ ಮದ್ರಾಸ್ ಸೈನ್ಯದವನು. ಈಗಿನ ಮಾತಿನಲ್ಲಿ ಹೇಳುವುದಾದರೆ ಇವರೆಲ್ಲ ಪಾರ್ಟ್ ಟೈಮ್ ಫೋಟೋಗ್ರಾಫರುಗಳು. ಸಂಬಳ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ.

ನಾನು ಸರ್ಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪನಿಯೊಂದರಲ್ಲಿ ಡೆವಲಪ್‌ಮೆಂಟ್ ಆಫೀಸರ್ ಆಗಿದ್ದು ನಿವೃತ್ತನಾದವನು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ನನ್ನ ತಿರುಗಾಟದ ಸೀಮೆ. ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ಅಂಗಡಿಗಳಿಗೂ ಅಡಿಕೆ ಮಂಡಿಗಳಿಗೂ ಪಾಲಿಸಿ ಮಾಡಿಸಿದ ಹಾಗೆಯೇ ನೆಹರೂ ರಸ್ತೆ, ದುರ್ಗಿಗುಡಿಯ ಸ್ಟುಡಿಯೋಗಳಿಗೂ ಮಾಡಿಸಿದ್ದೇನೆ. ಈಗಲೂ ಯಾರಾದರೂ ಹುಡುಗರು ಬಂದು, ‘ಸಾರ್, ವಾರಪೂರ್ತಿ ಆಫೀಸ್ ಕೆಲಸ, ಶನಿವಾರ ಭಾನುವಾರ ಮದುವೆ ಶೂಟ್. ನಮ್ಮಂಥವರಿಗೆ ಯಾವ ಇನ್ಶೂರೆನ್ಸ್ ಸರಿ?’ ಅಂತ ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಆ ಪಾಲಿಸಿಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಬಿಗ್ಸ್, ಗ್ರೀನ್‌ಲಾ ಕಾಲದ ನಂತರ ಫೋಟೋಗ್ರಫಿ ಪೇಟೆಗೆ ಬಂದು ಕೂತಿತು. ಫೋಟೋಗ್ರಾಫರ್ ಅಂದರೆ ಸ್ಟುಡಿಯೋ, ಸ್ಟುಡಿಯೋ ಅಂದರೆ ಒಂದು ಕಟ್ಟಡ. ಬೆಳಕಿಗಾಗಿ ಮಾಡಿಗೆ ಗಾಜು, ಹಿಂದೆ ಅರಮನೆಯ ಮೆಟ್ಟಿಲೋ ಸರೋವರವೋ ಬರೆದ ಪರದೆ, ಮುಂದೆ ಬೆತ್ತದ ಕುರ್ಚಿ, ಹೂದಾನಿ, ಪಕ್ಕದಲ್ಲಿ ಕತ್ತಲೆ ಕೋಣೆ. ಬೆಂಗಳೂರಿನಲ್ಲಿ ಜಿ.ಕೆ. ವೇಲ್ ಸ್ಟುಡಿಯೋ 1910ರಲ್ಲಿ ಶುರುವಾಯಿತು. ಜಿಲ್ಲಾ ಕೇಂದ್ರಗಳಲ್ಲೂ ಒಂದೊಂದಾಗಿ ಬೋರ್ಡುಗಳು ಎದ್ದವು. ಮರದ ಸ್ಟ್ಯಾಂಡಿನ ಮೇಲಿನ ದೊಡ್ಡ ಕ್ಯಾಮೆರಾ ಆ ಕೋಣೆ ಬಿಟ್ಟು ಕದಲುತ್ತಿದ್ದದ್ದು ಅಪರೂಪಕ್ಕೆ.

ಅಲ್ಲಿ ದೊಡ್ಡ ಭಯ ಬೆಂಕಿಯದು. 1889ರಿಂದ ಮಾರುಕಟ್ಟೆಗೆ ಬಂದ ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕವನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. 1887ರಲ್ಲಿ ಜರ್ಮನಿಯಲ್ಲಿ ತಯಾರಾದ ಮೆಗ್ನೀಷಿಯಂ ಫ್ಲ್ಯಾಶ್ ಪುಡಿ ತಟ್ಟೆಯಲ್ಲಿ ಭಗ್ಗೆಂದು ಉರಿದು ಬೆಳಕು ಕೊಡುತ್ತಿತ್ತು, ಅಳತೆ ತಪ್ಪಿದರೆ ಹಿಡಿದವನ ಕೈ, ಹುಬ್ಬು ಎರಡನ್ನೂ ಸುಡುತ್ತಿತ್ತು. ಇಂಥ ಅಂಗಡಿಗೆ ಬೇಕಾದದ್ದು ಬೆಂಕಿ ವಿಮೆ. ಆ ವಿಮೆ ನಮ್ಮಲ್ಲಿ ಮೊದಲೇ ಇತ್ತು: ದೇಶದ ಮೊದಲ ಸಾಮಾನ್ಯ ವಿಮಾ ಕಂಪನಿ ಟ್ರೈಟನ್ ಕಲ್ಕತ್ತದಲ್ಲಿ 1850ರಲ್ಲೇ ಹುಟ್ಟಿತ್ತು. ಆದರೆ ಬೆಂಕಿ ವಿಮೆ ಕೇಳುವುದೆಲ್ಲ ಕಟ್ಟಡದ ಪ್ರಶ್ನೆಗಳನ್ನೇ. ಗೋಡೆ ಯಾವುದು, ಮಾಡು ಹೆಂಚೋ ಹುಲ್ಲೋ, ಒಳಗೆ ಏನು ಶೇಖರಿಸಿದ್ದೀರಿ, ಪಕ್ಕದ ಅಂಗಡಿ ಯಾರದು. ಆ ವಿಳಾಸದಲ್ಲಿ, ಆ ಗೋಡೆಗಳ ಒಳಗೆ ಇರುವ ಸಾಮಾನಿಗೆ ಮಾತ್ರ ಅದರ ರಕ್ಷಣೆ. ಈ ಒಂದು ಗುಣ ಇವತ್ತಿನವರೆಗೂ ಅದನ್ನು ಬಿಟ್ಟಿಲ್ಲ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತಕರಾರುಗಳ ಬೇರು ಇಲ್ಲೇ ಇದೆ.

ಕಳ್ಳತನದ ವಿಮೆ ಬಂದದ್ದು ತಡವಾಗಿ. 1880ರ ದಶಕದಲ್ಲಿ ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯಲ್ಲಿ ಕತ್‌ಬರ್ಟ್ ಹೀತ್ ಎಂಬ ಅಂಡರ್‌ರೈಟರ್, ಅಂದರೆ ವಿಮೆಯ ಹೊಣೆ ಹೊರುವವನು, ಇದ್ದ. ಅಲ್ಲಿಯವರೆಗೆ ಹಡಗು, ಸರಕುಗಳಿಗೇ ಹೆಸರಾಗಿದ್ದ ಲಾಯ್ಡ್ಸ್‌ನಲ್ಲಿ ಅವನು ಮನೆಗಳ್ಳತನಕ್ಕೆ ವಿಮೆ ಕೊಟ್ಟ, ಒಡವೆ ವ್ಯಾಪಾರಿಗಳು ಜೊತೆಯಲ್ಲಿ ಹೊತ್ತು ತಿರುಗುವ ಹರಳು, ನಗಗಳಿಗೂ ಕೊಟ್ಟ. ಸಾಮಾನು ಎಲ್ಲಿದ್ದರೂ ಸರಿ, ಹೇಗೆ ಹಾಳಾದರೂ ಸರಿ, ಪಾಲಿಸಿಯಲ್ಲಿ ಬೇಡವೆಂದು ಬರೆದ ಕಾರಣಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹಣ ಕೊಡುತ್ತೇವೆ ಎನ್ನುವ ‘ಆಲ್ ರಿಸ್ಕ್ಸ್’ ಬಗೆ ಬೆಳೆದದ್ದು ಇಂಥ ಪಾಲಿಸಿಗಳಿಂದ. ಕ್ಯಾಮೆರಾದವರಿಗೆ ಇದಕ್ಕಿಂತ ಹತ್ತಿರದ ಪೂರ್ವಜ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ನಮ್ಮ ಜನಕ್ಕೆ ಮಾತ್ರ ವಿಮೆ ಅಂದರೆ ಜೀವ ವಿಮೆ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಜೀವ ವಿಮೆ ತಂದಿತ್ತು. 1956ರಲ್ಲಿ ಎಲ್‌ಐಸಿ ಬಂದ ಮೇಲೆ ಏಜೆಂಟರು ಹಳ್ಳಿಹಳ್ಳಿ ತಲುಪಿದರು. ಸಾಮಾನ್ಯ ವಿಮೆಯ ರಾಷ್ಟ್ರೀಕರಣ ಆದದ್ದು ಆಮೇಲೆ: 1973ರ ಜನವರಿ 1ರಂದು 107 ಕಂಪನಿಗಳು ಸೇರಿ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕಾದವು. ನಾವು ಸ್ಟುಡಿಯೋ ಬಾಗಿಲಿಗೆ ಹೋಗಿ ವಿಮೆಯ ಮಾತೆತ್ತಿದರೆ, ‘ಮಾಡಿಸಿದೀನಲ್ಲ, ವರ್ಷ ವರ್ಷ ಕಟ್ತಾ ಇದೀನಿ’ ಎನ್ನುತ್ತಿದ್ದರು. ಕಟ್ಟುತ್ತಿದ್ದದ್ದು ಎಲ್‌ಐಸಿಗೆ. ಅಂಗಡಿ ಸುಟ್ಟರೆ ಅದು ಒಂದು ಪೈಸೆ ಕೊಡುವುದಿಲ್ಲ ಎಂದು ಬಿಡಿಸಿ ಹೇಳುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು.

ಪಾರ್ಟ್ ಟೈಮ್ ಫೋಟೋಗ್ರಾಫರುಗಳ ಹೊಸ ಪೀಳಿಗೆ ಕಾಣಿಸಿಕೊಂಡದ್ದು ಎಪ್ಪತ್ತು–ಎಂಬತ್ತರ ದಶಕಗಳಲ್ಲಿ. ಹೈಸ್ಕೂಲ್ ಮೇಷ್ಟರು, ಬ್ಯಾಂಕ್ ಗುಮಾಸ್ತರು, ವಿದ್ಯುತ್ ಮಂಡಳಿಯ (ಕೆಇಬಿ) ನೌಕರರು, ಪೋಸ್ಟ್ ಆಫೀಸಿನವರು. ಕೊರಳಲ್ಲಿ ಯಾಶಿಕಾ ಮ್ಯಾಟ್ ಅಥವಾ ಪೆಂಟಾಕ್ಸ್, ಭುಜಕ್ಕೆ ಫ್ಲ್ಯಾಶಿನ ಬ್ಯಾಟರಿ ಪೆಟ್ಟಿಗೆ. ಇವರಿಗೆ ಬೋರ್ಡಿಲ್ಲ, ಷಟರ್ ಇಲ್ಲ, ಟ್ರೇಡ್ ಲೈಸೆನ್ಸ್ ಇಲ್ಲ. ವಿದೇಶಿ ಕ್ಯಾಮೆರಾ ಆಮದಿಗೆ ಆಗ ಬಿಗಿ ಕಟ್ಟುಪಾಡು. ಹೀಗಾಗಿ ಕ್ಯಾಮೆರಾ ಬರುತ್ತಿದ್ದದ್ದು ಮದ್ರಾಸಿನ ಬರ್ಮಾ ಬಜಾರಿನಿಂದ, ಇಲ್ಲವೇ ಗಲ್ಫ್‌ನಿಂದ ಬಂದ ನೆಂಟರ ಸೂಟ್‌ಕೇಸಿನಿಂದ. ಎಲ್ಲೂ ಬಿಲ್ಲಿನ ಪ್ರಶ್ನೆಯೇ ಇಲ್ಲ.

ಪ್ರೊಪೋಸಲ್ ಫಾರಂ ಬಿಡಿಸಿ ಕೂತರೆ ಅದರಲ್ಲಿ ಕಾಲಂಗಳು ಹೀಗಿದ್ದವು: ಸಾಮಾನಿನ ವಿವರ, ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ಕೊಂಡ ವರ್ಷ, ಬೆಲೆ, ಇರುವ ಜಾಗ. ಮೊದಲ ನಾಲ್ಕಕ್ಕೆ ಕ್ಯಾಮೆರಾ ತಿರುಗಿಸಿ ನೋಡಿ ಬರೆಯುತ್ತಿದ್ದೆ. ನಂಬರು ಕೆತ್ತಿದ ಜಾಗ ಬೆವರಿಗೆ ಸವೆದಿದ್ದರೆ ಸೀಮೆಸುಣ್ಣ ಉಜ್ಜಿ ಓದುವುದು. ಬೆಲೆಯ ಕಾಲಂ ಬಂದಾಗ ಎದುರಿಗೆ ಕೂತವರ ಮುಖ ಬಾಡುತ್ತಿತ್ತು. ‘ಇರುವ ಜಾಗ’ದ ಮುಂದೆ ಏನು ಬರೆಯುವುದು? ವಾರದಲ್ಲಿ ಐದು ದಿನ ಮನೆಯ ಗಾಡ್ರೆಜ್ ಬೀರು, ಆರನೆಯ ದಿನ ಹೊಸನಗರದ ಬಸ್ಸು, ಏಳನೆಯ ದಿನ ಯಾರದೋ ಮದುವೆ ಮಂಟಪ. ಆ ಖಾಲಿ ಜಾಗದಲ್ಲೇ ಇಡೀ ಸಮಸ್ಯೆ ಇತ್ತು.

ನಮ್ಮ ಕಡೆಯ ಮೇಷ್ಟರೊಬ್ಬರ ಕ್ಯಾಮೆರಾ ಕಲ್ಯಾಣ ಮಂಟಪದ ಕೋಣೆಯಿಂದ ಮಾಯವಾಯಿತು. ಧಾರೆ ಮುಗಿಸಿ ಊಟಕ್ಕೆ ಹೋಗಿದ್ದರು. ಚಿಲಕ ಹಾಕಿದ್ದರು, ಬೀಗ ಹಾಕಿರಲಿಲ್ಲ. ಅವರ ಬಳಿ ಒಂದು ಕಂಪನಿಯ ಮನೆ ವಿಮೆ ಇತ್ತು. ಕಂಪನಿ ಎರಡು ಕಾರಣ ಕೊಟ್ಟು ಕ್ಲೇಮು ತಳ್ಳಿಹಾಕಿತು: ದುಡ್ಡಿಗೆ ಬಳಸುವ ಸಾಮಾನು ಗೃಹೋಪಯೋಗಿ ವಸ್ತುವಲ್ಲ, ಬಾಗಿಲು ಮುರಿದ ಗುರುತೂ ಇಲ್ಲ. ಅಂಗಡಿ ಪಾಲಿಸಿ ಇದ್ದಿದ್ದರೂ ಕತೆ ಬೇರೆಯಾಗುತ್ತಿರಲಿಲ್ಲ, ಕ್ಯಾಮೆರಾ ಅಂಗಡಿಯಲ್ಲಿರಲಿಲ್ಲವಲ್ಲ. ಬರ್ಗ್ಲರಿ ಪಾಲಿಸಿಯಲ್ಲಿ ‘ಬಲವಂತದ ಪ್ರವೇಶ’ ಎಂದು ಬರೆದಿದ್ದರೆ ಬಲಪ್ರಯೋಗ ಆಗಿರಲೇಬೇಕು, ಬರೀ ಕಳ್ಳತನ ಸಾಲದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹರ್‌ಚಂದ್ ರಾಯ್ ಪ್ರಕರಣದಲ್ಲಿ ಖಚಿತವಾಗಿ ಹೇಳಿತು. ಪಾಲಿಸಿಯ ಮಾತೇ ಕರಾರು, ಅದನ್ನು ಕೋರ್ಟ್ ತಿದ್ದಿ ಬರೆಯುವುದಿಲ್ಲ ಎಂಬುದು ಅದರ ಸಾರ. ಮೇಷ್ಟರಿಗೆ ಆಗಬೇಕಿದ್ದದ್ದು ಒಡವೆಗೆ ಕೊಡುವಂಥ ಆಲ್ ರಿಸ್ಕ್ಸ್ ಪಾಲಿಸಿ, ಅದೂ ‘ವೃತ್ತಿಗೆ ಬಳಸುವ ಸಲಕರಣೆ’ ಎಂದು ಬರೆಸಿಕೊಂಡದ್ದು. ಅಂಥದ್ದು ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ನೋವು ನನಗೆ ಇನ್ನೂ ಇದೆ, ಏಕೆಂದರೆ ಅವರು ತೆಗೆಯುತ್ತಿದ್ದ ಚಿತ್ರಗಳು ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಈಗಲೂ ಇವೆ.

ಆಲ್ ರಿಸ್ಕ್ಸ್‌ನಲ್ಲೂ ಎಲ್ಲವೂ ಸೇರುವುದಿಲ್ಲ. ಮಲೆನಾಡಿನವರು ಇದನ್ನು ತಿಳಿದಿರಲೇಬೇಕು. ಆಗುಂಬೆ, ತೀರ್ಥಹಳ್ಳಿ ಕಡೆ ಜೂನ್‌ನಿಂದ ಮೂರು ತಿಂಗಳು ಲೆನ್ಸಿನೊಳಗೆ ಜೇಡರಬಲೆಯ ಹಾಗೆ ಬೂಷ್ಟು ಹಬ್ಬುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಕ್ಯಾಮೆರಾ ಚರ್ಮದ ಚೀಲದಲ್ಲೇ ಕೂತಿರುತ್ತದೆ, ಶ್ರಾವಣದಲ್ಲಿ ತೆಗೆದು ನೋಡಿದರೆ ಗಾಜೆಲ್ಲ ಮಂಜು. ನಿಧಾನಕ್ಕೆ ಆಗುವ ಹಾನಿ, ಸವೆತ, ತೇವ, ಬೂಷ್ಟುಗಳಿಗೆ ವಿಮೆ ಕೊಡುವುದಿಲ್ಲ ಎಂಬುದು ಹಡಗಿನ ಸರಕಿನ ಕಾಲದಿಂದ ಬಂದ ನಿಯಮ. ಬಲ್ಬು ಉರಿಸಿದ ತಗಡಿನ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ, ಇವೇ ಅಲ್ಲಿ ವಿಮೆ.

1986ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಫೋಟೋಗ್ರಾಫರಿಗೆ ಹೊಸದೊಂದು ಹೊಣೆ ಬಿತ್ತು. ಮದುವೆಯ ರೋಲು ಹಾಳಾದರೆ ಹಿಂದೆ ಮುಂಗಡ ವಾಪಸ್ ಕೊಟ್ಟು ಕೈಮುಗಿದರೆ ಮುಗಿಯುತ್ತಿತ್ತು. ಈಗ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಹೋದವರಿಗೆ ಪರಿಹಾರವೂ ಸಿಕ್ಕಿದೆ. ಸಲಕರಣೆಯ ಪಾಲಿಸಿ ಇದಕ್ಕೆ ಬರುವುದಿಲ್ಲ. ಕಳೆದುಹೋದ ಫಿಲ್ಮಿಗೆ ಅದು ಕೊಡುವುದು ಖಾಲಿ ಫಿಲ್ಮಿನ ಬೆಲೆ, ಕೆಟ್ಟ ಮೆಮೊರಿ ಕಾರ್ಡಿಗೆ ಖಾಲಿ ಕಾರ್ಡಿನ ಬೆಲೆ, ಒಳಗಿದ್ದ ಚಿತ್ರಕ್ಕೆ ಏನೂ ಇಲ್ಲ. ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ಮೇಣದ ಕಾಗದದ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಕಣ್ಮರೆಯಾಗಿದ್ದು 1980ರ ಸುಮಾರಿಗೆ ಬೆಳಕಿಗೆ ಬಂದವು. ಅವು ಸುಟ್ಟಿದ್ದರೆ ಇಂಥ ಪಾಲಿಸಿಯ ಲೆಕ್ಕದಲ್ಲಿ ನಷ್ಟ ಕೆಲವು ಹಾಳೆ ಕಾಗದ, ಒಂದಿಷ್ಟು ಮೇಣ. ಕೆಲಸದಲ್ಲಿನ ಲೋಪಕ್ಕೆ ಬೇಕಾದದ್ದು ವೃತ್ತಿ ಹೊಣೆಗಾರಿಕೆ ವಿಮೆ, ಅಂದರೆ ಪ್ರೊಫೆಷನಲ್ ಇಂಡೆಮ್ನಿಟಿ. ಲೈಟ್ ಸ್ಟ್ಯಾಂಡ್ ಅತಿಥಿಯ ತಲೆ ಮೇಲೆ ಬಿದ್ದರೆ ಅದು ಮತ್ತೆ ಬೇರೆ, ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ. ಅಂಗಡಿಯವರಿಗೆ ಹಲವು ವಿಮೆ ಒಟ್ಟಿಗೆ ಕೊಡುವ ಪ್ಯಾಕೇಜ್ ಪಾಲಿಸಿಯಲ್ಲಿ ಈ ಹೆಸರಿನ ಭಾಗ ಇರುತ್ತದೆ, ಆದರೆ ಸಾಮಾನ್ಯವಾಗಿ ಅಂಗಡಿಯ ಹೊಸ್ತಿಲ ಒಳಗಿನ ಅವಘಡಕ್ಕೆ ಮಾತ್ರ. ಅಮೆರಿಕದಲ್ಲಿ ವಾರಾಂತ್ಯಕ್ಕೆ ಫೋಟೋ ತೆಗೆಯುವ ನಮ್ಮ ಹುಡುಗರಿಗೆ ಇದು ಗೊತ್ತು. ಅಲ್ಲಿನ ಎಷ್ಟೋ ಮದುವೆ ಸಭಾಂಗಣಗಳು ಹೊಣೆಗಾರಿಕೆ ವಿಮೆಯ ಸರ್ಟಿಫಿಕೇಟ್ ತೋರಿಸದೆ ಕ್ಯಾಮೆರಾದವರನ್ನು ಒಳಗೇ ಬಿಡುವುದಿಲ್ಲ.

2000ದಲ್ಲಿ ಖಾಸಗಿ ಕಂಪನಿಗಳು ಬಂದವು. 2007ರ ಜನವರಿ 1ರಿಂದ ಬೆಂಕಿ ವಿಮೆಯ ಕಟ್ಟುನಿಟ್ಟಿನ ದರಪಟ್ಟಿ ಹೋಯಿತು. 2021ರ ಏಪ್ರಿಲ್ 1ರಿಂದ, ಒಟ್ಟು ಮೌಲ್ಯ 5 ಕೋಟಿ ರೂಪಾಯಿವರೆಗಿನ ಉದ್ದಿಮೆಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂತು. ಒಳ್ಳೆಯ ಪಾಲಿಸಿ, ಭಾಷೆ ಸರಳ, ಬೆಂಕಿ, ನೆರೆ, ಸಿಡಿಲುಗಳಿಗೆ ಆಗುತ್ತದೆ. ಆದರೆ ಅದೂ ವಿಳಾಸಕ್ಕೇ ಅಂಟಿಕೊಂಡದ್ದು. ಮನೆಯ ಕೋಣೆಯಲ್ಲಿ ಕಂಪ್ಯೂಟರ್, ಪ್ರಿಂಟರ್ ಇಟ್ಟವರಿಗೆ ಸರಿ, ಬಸ್ಸಿನಲ್ಲಿ ಹೋಗುವ ಚೀಲಕ್ಕೆ ಆಗದು. ಡ್ರೋನ್ ಹಾರಿಸುವವರಿಗೆ ಆಯ್ಕೆಯ ಮಾತೇ ಇಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ್ದಕ್ಕೆಲ್ಲ ಥರ್ಡ್ ಪಾರ್ಟಿ ವಿಮೆ ಕಡ್ಡಾಯ.

ಹಾಗಾದರೆ ಆರಿಸುವುದು ಹೇಗೆ? ಪ್ರೀಮಿಯಂ ನೋಡಿ ಶುರುಮಾಡಬೇಡಿ. ನಿಮ್ಮ ಕ್ಯಾಮೆರಾ ವರ್ಷದಲ್ಲಿ ಎಲ್ಲೆಲ್ಲಿ ಇರುತ್ತದೆ ಎಂದು ಕಾಗದದ ಮೇಲೆ ಬರೆದು, ಆ ಜಾಗಗಳೆಲ್ಲ ಪಾಲಿಸಿಯಲ್ಲಿ ಸೇರುತ್ತವೆಯೇ ಎಂದು ಕೇಳಿ. ನಿಲ್ಲಿಸಿಟ್ಟ ಕಾರಿನಿಂದ ಕಳುವಾದರೆ ಏನು ಷರತ್ತು, ಬಾಗಿಲು ಮುರಿಯದ ಕಳ್ಳತನ ಸೇರುತ್ತದೆಯೇ, ಬಾಡಿಗೆಗೆ ತಂದ ಲೆನ್ಸ್ ಸೇರುತ್ತದೆಯೇ ಎಂದು ಕೇಳಿ. ದುಡ್ಡಿಗಾಗಿ ಫೋಟೋ ತೆಗೆಯುತ್ತೀರಿ ಎಂಬುದನ್ನು ಫಾರಂನಲ್ಲಿ ಸ್ಪಷ್ಟವಾಗಿ ಬರೆಯಿರಿ. ‘ಪಾರ್ಟ್ ಟೈಮ್ ತಾನೆ’ ಎಂದು ಬಿಟ್ಟರೆ ಕ್ಲೇಮಿನ ದಿನ ಅದೇ ಎದ್ದು ನಿಲ್ಲುತ್ತದೆ. ಮೊತ್ತ ಕಡಿಮೆ ಬರೆಸಿ ಪ್ರೀಮಿಯಂ ಉಳಿಸಲೂ ಹೋಗಬೇಡಿ: 4 ಲಕ್ಷದ ಸಲಕರಣೆಯನ್ನು 2 ಲಕ್ಷಕ್ಕೆ ವಿಮೆ ಮಾಡಿಸಿ 1 ಲಕ್ಷದ ನಷ್ಟವಾದರೆ, ಸರಾಸರಿ ನಿಯಮ ಇರುವ ಪಾಲಿಸಿಯಲ್ಲಿ ಸಿಗುವುದು 50 ಸಾವಿರ. ಚೆಕ್ ಕೊಟ್ಟಿದ್ದರೆ ಅದು ಪಾಸಾಯಿತೇ ನೋಡಿಕೊಳ್ಳಿ. ವಿಮಾ ಕಾಯ್ದೆಯ 64-ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ.

ಕ್ಯಾಮೆರಾ ಇರುವವರು ಈ ವಾರವೇ ಒಂದು ಕೆಲಸ ಮಾಡಿ. ಬಾಡಿ, ಲೆನ್ಸ್, ಫ್ಲ್ಯಾಶ್‌ಗಳ ಸೀರಿಯಲ್ ನಂಬರನ್ನೂ ಬಿಲ್ಲುಗಳನ್ನೂ ಫೋಟೋ ತೆಗೆದು, ಕ್ಯಾಮೆರಾ ಇರುವ ಚೀಲದಲ್ಲಲ್ಲದೆ ಬೇರೆ ಕಡೆ ಇಡಿ. ಪಾಲಿಸಿ ಈಗಾಗಲೇ ಇದ್ದರೆ ಷೆಡ್ಯೂಲ್ ಹಾಳೆಯಲ್ಲಿ ‘ಲೊಕೇಶನ್’ ಎಂಬ ಸಾಲು ಹುಡುಕಿ ಓದಿ. ಅಲ್ಲಿ ನಿಮ್ಮ ಮನೆಯ ವಿಳಾಸ ಒಂದೇ ಇದ್ದರೆ, ಮುಂದಿನ ಮದುವೆಗೆ ಹೋಗುವ ಮೊದಲೇ ಅದನ್ನು ತಿದ್ದಿಸಿಕೊಳ್ಳಿ.